ಕ್ರಿಸ್‌ಮಸ್ ರಜೆಗೆ ಜಪಾನಿನಲ್ಲಿ ಸ್ಕೀಯಿಂಗ್: ಅತ್ತೆ, ಇಬ್ಬರು ಮಕ್ಕಳ ಜೊತೆ ಯಾವ ಊರು ಒಳ್ಳೆಯದು?

ಅಜ್ಜರಕಾಡಿನ ಅಕ್ಕ (ಉಡುಪಿ):

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್‌ಮಸ್ ರಜೆಗೆ ಜಪಾನಿಗೆ ಹೋಗುವ ಅಂತ ಮನೆಯಲ್ಲಿ ಮಾತಾಗಿದೆ. ನಮ್ಮ ಮನೆಯವರಿಗೆ ನಿಸೆಕೊ ಅನ್ನುವ ಸ್ಕೀ ಊರಿನ ಹುಚ್ಚು ಹಿಡಿದಿದೆ. ರೀಲ್ಸ್ ನೋಡಿ ನೋಡಿ ಹಿಡಿದದ್ದು. ಬೇರೆ ಊರಿನ ಹೆಸರು ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ನಾವು ಇಬ್ಬರು, ಮಗಳು (11 ವರ್ಷ), ಮಗ (6), ಮತ್ತೆ ಅತ್ತೆ (68). ಯಾರಿಗೂ ಸ್ಕೀಯಿಂಗ್ ಬರುವುದಿಲ್ಲ. ಹಿಮ ಮುಟ್ಟಿದವರೂ ಇಲ್ಲ. ಅತ್ತೆಗೆ ಗಂಟುನೋವು. ಸಮತಟ್ಟು ನೆಲದಲ್ಲಿ ಆರಾಮ, ರಥಬೀದಿಗೆ ದಿನಾ ನಡೆದೇ ಹೋಗುತ್ತಾರೆ. ಮೆಟ್ಟಿಲು ಮಾತ್ರ ಆಗುವುದಿಲ್ಲ. ಮೀನು, ಮೊಟ್ಟೆ ಇಲ್ಲ. ನೀರುಳ್ಳಿ ಬೆಳ್ಳುಳ್ಳಿ ಪ್ರಯಾಣದಲ್ಲಿ ಪರವಾಗಿಲ್ಲ ಅನ್ನುತ್ತಾರೆ. ಅವರನ್ನು ಬಿಟ್ಟು ಹೋಗುವ ಮಾತೇ ಇಲ್ಲ, ಯಾಕೆಂದರೆ "ಹಿಮ ನಾನೂ ನೋಡಬೇಕು" ಅಂತ ಮೊದಲು ಹೇಳಿದ್ದೇ ಅವರು.

ಮಕ್ಕಳಿಗೆ ಡಿಸೆಂಬರ್ 21ರಿಂದ ರಜೆ, ಜನವರಿ 2ಕ್ಕೆ ಶಾಲೆ. ಒಟ್ಟು ಖರ್ಚು ಏಳೆಂಟು ಲಕ್ಷ ದಾಟಬಾರದು. ನಿಸೆಕೊ ಸರಿಯಾ? ನಾವೆಲ್ಲ ಗುಡ್ಡದಲ್ಲಿ ಇರುವಾಗ ಅತ್ತೆ ಎಂತ ಮಾಡುವುದು? ಊಟಕ್ಕೆ ಎಂತ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕಾರ್ಕಳದ ಕಲ್ಲು:

ಅಷ್ಟು ದೂರ ಯಾಕೆ ಅಕ್ಕ? ಗುಲ್ಮಾರ್ಗ್‌ಗೆ ಹೋಗಿ. ವೀಸಾ ಬೇಡ, ಅನ್ನ ಸಾರು ಸಿಗುತ್ತದೆ, ಅತ್ತೆಯನ್ನು ಗೊಂಡೊಲಾದಲ್ಲಿ (ಕೇಬಲ್ ಕಾರ್) ಕೂರಿಸಿದರೆ ಮೇಲೆ ಹೋಗಿ ಹಿಮ ನೋಡಿ ಬರಬಹುದು. ನಿಮ್ಮ ಬಜೆಟ್‌ನ ಅರ್ಧ ಉಳಿಯುತ್ತದೆ. ಕಲಿಯಲೇಬೇಕು ಅಂತಿದ್ದರೆ ಕೇಂದ್ರ ಸರಕಾರದ ಸ್ಕೀಯಿಂಗ್ ಸಂಸ್ಥೆಯೇ ಅಲ್ಲಿ ಉಂಟು.

ಕದ್ರಿ ಕಂಬಳ (ಮಂಗಳೂರು):

ಗುಲ್ಮಾರ್ಗ್ ಒಳ್ಳೆಯದೇ. ಆದರೆ ಊರೇ 2,600 ಮೀಟರ್ ಎತ್ತರದಲ್ಲಿ ಉಂಟು, ಗೊಂಡೊಲಾ ಇನ್ನೂ ಮೇಲೆ. 68ರ ಅತ್ತೆಗೆ ಉಸಿರಾಟ ಹೇಗೆ ಅಂತ ಡಾಕ್ಟರನ್ನು ಕೇಳಿಯೇ ಹೋಗಬೇಕು. ಅದೂ ಅಲ್ಲದೆ ಡಿಸೆಂಬರ್ ಮೂರನೇ ವಾರ ಅಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ.

ಅಕ್ಕ, ನಾನು ಸೈತಾಮದಲ್ಲಿ ಕೆಲಸ ಮಾಡುತ್ತಿದ್ದವ. ಟೋಕಿಯೊ ಪಕ್ಕದ ಜಿಲ್ಲೆ ಅದು. ಚಳಿಗಾಲದಲ್ಲಿ ಊರಿನಿಂದ ಯಾರು ಬಂದರೂ ಹಿಮ ತೋರಿಸುವ ಕೆಲಸ ನನ್ನ ಪಾಲಿಗೇ. ಹಾಗಾಗಿ ಹೇಳುತ್ತೇನೆ, ಮೊದಲು ಅತ್ತೆಗೆ ಜಾಗ ಹುಡುಕಿ. ಸ್ಕೀ ಗುಡ್ಡ ಆಮೇಲೆ.

ನಿಸೆಕೊ ಇರುವುದು ಹೊಕ್ಕೈಡೊ ದ್ವೀಪದಲ್ಲಿ. ನಿಮಗೆ ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ನೇರ ವಿಮಾನ ಉಂಟು, ಎಂಟು ಗಂಟೆ ಆಸುಪಾಸು. ಅಲ್ಲಿಗೆ ಮುಗಿಯಲಿಲ್ಲ. ಇನ್ನೊಂದು ವಿಮಾನ ಹಿಡಿದು ನ್ಯೂ ಚಿತೋಸೆಗೆ ಹೋಗಬೇಕು, ಅಲ್ಲಿಂದ ಬಸ್ಸಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಉಡುಪಿಯಿಂದ ಬೆಂಗಳೂರಿನ ರಾತ್ರಿ ಬಸ್ಸು ಬೇರೆ. ಹೋಗಿ ಮುಟ್ಟುವಾಗ ಎಲ್ಲರ ಮುಖ ಬಾಡಿರುತ್ತದೆ. ದೊಡ್ಡವರಿಗೆ ಅಲ್ಲಿ ಗುಡ್ಡ ಹತ್ತಿಸುವ ಸ್ಕೀ ಲಿಫ್ಟಿನ ಒಂದು ದಿನದ ಟಿಕೆಟ್ಟೇ 10,000 ಯೆನ್ ದಾಟಿದೆ. ಅಷ್ಟು ಕೊಡುವುದು ಅಲ್ಲಿಯ ಪುಡಿಹಿಮಕ್ಕೆ. ಸ್ಕೀ ಬರುವವರಿಗೆ ಅದು ಸ್ವರ್ಗ, ಒಪ್ಪುತ್ತೇನೆ. ಮೊದಲ ಸಲ ಬೂಟು ಹಾಕುವವರು ಕಲಿಯುವುದು ಯಂತ್ರ ಹಾಯಿಸಿ ಸಮ ಮಾಡಿದ ಸಣ್ಣ ಇಳಿಜಾರಿನಲ್ಲಿ. ಅದು ಎಲ್ಲಾ ಕಡೆ ಒಂದೇ ಮಾರಾಯ್ರೆ.

ನನ್ನ ಸಲಹೆ ಕರುಯಿಜಾವ. ಟೋಕಿಯೊ ಸ್ಟೇಷನ್ನಿನಿಂದ ಹೊಕುರಿಕು ಶಿಂಕಾನ್ಸೆನ್ (ಬುಲೆಟ್ ರೈಲು) ಮಾರ್ಗದ 'ಅಸಾಮ' ರೈಲು ಹತ್ತಿದರೆ ಒಂದು ಗಂಟೆ ಚಿಲ್ಲರೆ. ಸ್ಟೇಷನ್ನಿನಲ್ಲಿ ಲಿಫ್ಟ್ ಉಂಟು, ಅತ್ತೆಗೆ ಮೆಟ್ಟಿಲಿನ ತಾಪತ್ರಯ ಇಲ್ಲ. ದಕ್ಷಿಣದ ಬಾಗಿಲಿನಿಂದ ಹೊರಗೆ ಬಂದರೆ ಎದುರಿಗೇ ದೊಡ್ಡ ಔಟ್‌ಲೆಟ್ ಮಾಲ್, ಅದರ ಪಕ್ಕವೇ ಸ್ಕೀ ಗುಡ್ಡ. ಅತ್ತೆ ಗಾಜಿನ ಒಳಗೆ ಬೆಚ್ಚಗೆ ಕೂತು ಮೊಮ್ಮಕ್ಕಳು ಬೀಳುವುದನ್ನು ನೋಡಬಹುದು. ಬೇಸರ ಬಂದರೆ ಮಾಲ್‌ನಲ್ಲಿ ತಿರುಗಬಹುದು, ಎಲ್ಲಾ ಸಮತಟ್ಟು. ಬಿಸಿಲು ಇದ್ದರೆ ಅಸಾಮ ಜ್ವಾಲಾಮುಖಿ ಕಾಣುತ್ತದೆ. ಊರು ಸಣ್ಣದಾದರೂ ಸಾಮಾನ್ಯದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಕುದುರೆ ಸವಾರಿಯ ಒಂದು ಸ್ಪರ್ಧೆ, 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನ ಕರ್ಲಿಂಗ್, ಎರಡೂ ಅಲ್ಲೇ ನಡೆದದ್ದು.

ಒಂದು ವಿಷಯ ಮುಚ್ಚಿಡುವುದಿಲ್ಲ. ಅಲ್ಲಿಯ ಗುಡ್ಡದ ಹಿಮ ಹೆಚ್ಚಿನದ್ದು ಯಂತ್ರದಿಂದ ಮಾಡಿದ್ದು. ಕಾರಣ ನಮ್ಮ ಘಟ್ಟದ ಹಾಗೆಯೇ. ಅರಬ್ಬಿ ಸಮುದ್ರದ ಗಾಳಿ ಆಗುಂಬೆಗೆ ಬಡಿದು ಮಳೆ ಎಲ್ಲ ಇಲ್ಲೇ ಸುರಿದು ಹೋಗುತ್ತದೆ, ಕಡೂರಿನವರಿಗೆ ಬರೀ ಮೋಡ, ಅಲ್ವಾ? ಅಲ್ಲಿ ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರ ದಾಟುವಾಗ ಬೆಚ್ಚಗಿನ ನೀರಿನಿಂದ ತೇವ ಹೀರುತ್ತದೆ, ನಡುಬೆಟ್ಟಗಳಿಗೆ ಬಡಿದು ಅತ್ತ ಕಡೆ ಹಿಮವಾಗಿ ಬೀಳುತ್ತದೆ. ಇತ್ತ ಟೋಕಿಯೊ ಕಡೆಗೆ ಬರುವುದು ಬಿಸಿಲು ಮತ್ತು ಒಣ ಚಳಿ. ಕರುಯಿಜಾವ ಈ ಬಿಸಿಲಿನ ಪಾಲಿಗೆ ಸೇರಿದ್ದು. ಮಕ್ಕಳು ಕಲಿಯಲಿಕ್ಕೆ ಬಿಸಿಲೇ ಒಳ್ಳೆಯದು ಅಂತ ನಾನು ಹೇಳುತ್ತೇನೆ.

ತಾರೀಕಿನ ಬಗ್ಗೆ. ಜಪಾನಿನಲ್ಲಿ ಕ್ರಿಸ್‌ಮಸ್ ಸರಕಾರಿ ರಜೆ ಅಲ್ಲ. ಅವರ ರಜೆ, ಗೌಜಿ ಎಲ್ಲ ಹೊಸ ವರ್ಷಕ್ಕೆ. 28ರ ನಂತರ ರೈಲು, ಹೋಟೆಲ್ ಎಲ್ಲ ತುಂಬಿ ತುಳುಕುತ್ತದೆ, ದರ ಕೇಳುವುದೇ ಬೇಡ. ಹಾಗಾಗಿ ಹಿಮದ ಕೆಲಸ 23ರಿಂದ 27ರ ಒಳಗೆ ಮುಗಿಸಿ, ಉಳಿದ ದಿನ ಟೋಕಿಯೊದಲ್ಲಿ ಇರಿ. ಶಿಂಕಾನ್ಸೆನ್ ಸೀಟು ಒಂದು ತಿಂಗಳು ಮೊದಲು ಬೆಳಿಗ್ಗೆ 10ಕ್ಕೆ (ಅವರ ಗಂಟೆ) ಬಿಡುತ್ತಾರೆ. ರೈಲು ಪಾಸ್ ತೆಗೆಯಬೇಡಿ. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650 ಯೆನ್ ಇದ್ದದ್ದು 50,000 ಆಯಿತು, ನಿಮ್ಮ ತಿರುಗಾಟಕ್ಕೆ ಅದು ಹುಟ್ಟುವುದಿಲ್ಲ. ಮಕ್ಕಳಿಗೆ ಅರ್ಧ ಟಿಕೆಟ್.

ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹೋಗಬೇಡಿ. ತಕ್ಯುಬಿನ್ ಅಂತ ಸಾಮಾನು ಸಾಗಿಸುವ ವ್ಯವಸ್ಥೆ ಉಂಟು. ವಿಮಾನ ನಿಲ್ದಾಣದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಹೋಟೆಲಿನಲ್ಲಿ ಇರುತ್ತದೆ. ಮೊದಲ ರಾತ್ರಿಯ ಬಟ್ಟೆ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಮಲ್ಪೆ ಮೀನು:

ಕದ್ರಿಯವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಅಷ್ಟು ಲಕ್ಷ ಖರ್ಚು ಮಾಡಿ ಜಪಾನಿಗೆ ಹೋಗಿ ಯಂತ್ರದ ಹಿಮ ನೋಡುವುದಾ? ಡಿಸೆಂಬರ್‌ನಲ್ಲಿ ಆ ಗುಡ್ಡದಲ್ಲಿ ಸ್ಕೀ ದಾರಿ ಮಾತ್ರ ಬೆಳ್ಳಗೆ, ಎರಡೂ ಬದಿ ಒಣ ಹುಲ್ಲು. ಅಕ್ಕನ ಅತ್ತೆ ಕೇಳಿದ್ದು ಹಿಮ, ಮಾಲ್ ಅಲ್ಲ!

ಹೊಕ್ಕೈಡೊ ದೂರ ಹೌದು. ಆದರೆ ನಿಸೆಕೊ ಒಂದೇ ಇರುವುದಾ? ಸಪ್ಪೊರೊದಲ್ಲಿ ಉಳಿಯಿರಿ. ಊರೊಳಗೇ ಹಿಮ ಬೀಳುತ್ತದೆ, ಅತ್ತೆ ಹೋಟೆಲ್ ಕಿಟಕಿಯಿಂದಲೇ ನೋಡಬಹುದು. ಸ್ಟೇಷನ್ ಹತ್ತಿರ ನೆಲದಡಿಯಲ್ಲಿ ನಡೆಯುವ ದಾರಿ, ಅಂಗಡಿ ಎಲ್ಲ ಉಂಟು, ಮಂಜುಗಡ್ಡೆ ಮೇಲೆ ಜಾರುವ ಹೆದರಿಕೆ ಇಲ್ಲ. ಮಕ್ಕಳನ್ನು ತೈನೆ ಗುಡ್ಡಕ್ಕೆ ಕರ್ಕೊಂಡು ಹೋಗಿ ಸಂಜೆಗೆ ವಾಪಸ್ ಬನ್ನಿ. 1972ರ ಒಲಿಂಪಿಕ್ಸ್ ನಡೆದ ಗುಡ್ಡ ಅದು. ಮತ್ತೆ ಮೀನು ತಿನ್ನುವವರಿಗೆ ಹೊಕ್ಕೈಡೊ ಬಿಟ್ಟರೆ ಬೇರೆ ಇಲ್ಲ. ಉಪ್ಪು ಸವರಿ ಸುಟ್ಟ ಸಾಬಾ ತಿಂದು ನೋಡಿ, ನಮ್ಮ ಬಂಗುಡೆಯ ದಾಯಾದಿ. ಮಸಾಲೆ ಇಲ್ಲ ಅನ್ನುವುದೊಂದೇ ಕೊರತೆ.

ಕದ್ರಿ ಕಂಬಳ:

ಮಲ್ಪೆಯವರೇ, ಒಣ ಹುಲ್ಲಿನ ಮಾತು ನಿಜ, ವಾದ ಮಾಡುವುದಿಲ್ಲ. ಅದಕ್ಕೂ ದಾರಿ ಉಂಟು.

ಅಕ್ಕ, ಕರುಯಿಜಾವದಿಂದ ಒಂದು ದಿನ ಬೆಟ್ಟದ ಅತ್ತ ಕಡೆ, ಹಿಮ ಬೀಳುವ ಬದಿಯಲ್ಲಿರುವ ಎಚಿಗೊ-ಯುಜಾವ ಊರಿಗೆ ಹೋಗಿ ಬನ್ನಿ. ತಕಾಸಾಕಿಯಲ್ಲಿ ಇಳಿದು ಜೋಎತ್ಸು ಶಿಂಕಾನ್ಸೆನ್ ಹತ್ತಬೇಕು. ಎರಡೂ ರೈಲು ಸೇರಿ ಒಂದು ಗಂಟೆ ಒಳಗೆ, ನಡುವೆ ಕಾಯುವುದು ಬೇರೆ. ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿ. ತಕಾಸಾಕಿಯಲ್ಲಿ ನೀಲಿ ಆಕಾಶ, ಒಣಗಿದ ಗದ್ದೆ, ಮನೆ ಮಹಡಿಯಲ್ಲಿ ಬಟ್ಟೆ ಒಣಗಲು ಹಾಕಿದ್ದು ಕಾಣುತ್ತದೆ. ಆಮೇಲೆ ಸುರಂಗಗಳು. ಅದರಲ್ಲಿ ದೊಡ್ಡದು ದೈಶಿಮಿಜು ಸುರಂಗ, 22 ಕಿ.ಮೀ. ಉದ್ದ. ಬೆಟ್ಟದ ಸಾಲು ಅಲ್ಲಿಗೆ ದಾಟುತ್ತದೆ. ಕಿವಿ ಗುಂಯ್ ಅನ್ನುತ್ತದೆ. ಹೊರಗೆ ಬಂದ ಕೂಡಲೇ ಆಕಾಶ ಬೂದು, ಮಾಡಿನ ಮೇಲೆ, ತಂತಿಯ ಮೇಲೆ, ನಿಲ್ಲಿಸಿದ ಕಾರಿನ ಮೇಲೆ ಎಲ್ಲ ಹಿಮ. ಆ ಊರಿನಲ್ಲಿ ರಸ್ತೆಯ ನಡುವೆ ಸಣ್ಣ ತೂತುಗಳಿಂದ ನೀರು ಚಿಮ್ಮುತ್ತಿರುತ್ತದೆ. ಪೈಪು ಒಡೆದದ್ದಲ್ಲ, ಹಿಮ ಕರಗಿಸಲಿಕ್ಕೆ ಬಿಡುವ ಅಂತರ್ಜಲ. ಹಾಗಾಗಿ ಅತ್ತೆಗೆ ನೀರು ಒಳಗೆ ಹೋಗದ ಬೂಟು ಬೇಕೇ ಬೇಕು. ಡಿಸೆಂಬರ್ ಕೊನೆಯ ವಾರಕ್ಕೆ ಸಾಮಾನ್ಯವಾಗಿ ಒಳ್ಳೆ ಹಿಮ ಇರುತ್ತದೆ. ಹಿಂದಿನ ದಿನ ಊರಿನ ವೆಬ್‌ಕ್ಯಾಮ್ ನೋಡಿ ಹೊರಡಿ.

ಅಲ್ಲಿ ಗಾಲಾ ಅಂತ ಸ್ಕೀ ಕೇಂದ್ರ ಉಂಟು, ಶಿಂಕಾನ್ಸೆನ್ ಸ್ಟೇಷನ್ ಅದರ ಒಳಗೇ ಇರುವುದು. ರೈಲಿನಿಂದ ಇಳಿದು ಅದೇ ಕಟ್ಟಡದಲ್ಲಿ ಟಿಕೆಟ್ ತೆಗೆದು ಗೊಂಡೊಲಾ ಹತ್ತುವುದು. ಸ್ಕೀ ಮಾಡದವರೂ ಮೇಲೆ ಹೋಗಬಹುದು, ಸಣ್ಣವನಿಗೆ ಸ್ಲೆಡ್‌ನಲ್ಲಿ (ಹಿಮದ ಜಾರುಬಂಡಿ) ಆಡುವ ಜಾಗ ಉಂಟು. ಸ್ಕೀ ಕಲಿಯುವುದು ಕರುಯಿಜಾವದಲ್ಲೇ ಆಗಲಿ, ಇಲ್ಲಿ ಸುಮ್ನೆ ಹಿಮದಲ್ಲಿ ಹೊರಳಾಡಿ. ಮನೆಯವರಿಗೆ ಎಚಿಗೊ-ಯುಜಾವ ಸ್ಟೇಷನ್ನಿನಲ್ಲೇ ಸಾಕೆ (ಅಕ್ಕಿಯ ಮದ್ಯ) ರುಚಿ ನೋಡುವ ಅಂಗಡಿ ಉಂಟು. ನಿಸೆಕೊ ಮರೆತುಹೋಗುತ್ತದೆ.

ಸುರತ್ಕಲ್ ಲೈಟ್‌ಹೌಸ್:

ಗಂಡಸರು ರೈಲು ಗುಡ್ಡ ಎಲ್ಲ ಹೇಳಿದರು, ಊಟದ್ದು ಯಾರೂ ಹೇಳಲಿಲ್ಲ ನೋಡಿ. ನಾನು ಹೇಳುತ್ತೇನೆ.

ಅಕ್ಕ, ತರಕಾರಿ ಸೂಪ್ ಅಂತ ಕಂಡರೂ ನಂಬಬೇಡಿ. ಅಲ್ಲಿ ಅಡುಗೆಯ ಬುಡವೇ ದಾಶಿ. ಹೆಚ್ಚಾಗಿ ಒಣಗಿಸಿದ ಮೀನಿನ ರಸ. ಮಿಸೊ ಸೂಪು, ನೂಡಲ್ಸ್ ಅದ್ದುವ ಸಾಸು, ತರಕಾರಿ ಬೇಯಿಸುವ ನೀರು, ಎಲ್ಲದರಲ್ಲೂ ಅದೇ. "ಮಾಂಸ ಇಲ್ಲ" ಅಂತ ಅವರು ಹೇಳಿದರೆ ಸುಳ್ಳಲ್ಲ, ಮೀನು ಅವರ ಲೆಕ್ಕದಲ್ಲಿ ಬೇರೆ. ಹಾಗಾಗಿ ಅಡುಗೆಕೋಣೆ ಇರುವ ರೂಮೇ ಹಿಡಿಯಿರಿ. ಅಕ್ಕಿ, ತೋಫು, ಹಾಲು, ಮೊಸರು, ಬಾಳೆಹಣ್ಣು, ಕ್ಯಾಬೇಜು ಎಲ್ಲಾ ಕಡೆ ಸಿಗುತ್ತದೆ. ಬಿಸಿ ಮಾಡಿ ತಿನ್ನುವ ಅನ್ನದ ಡಬ್ಬಿಯೂ ಸಿಗುತ್ತದೆ. ಅನ್ನ ಅಂಟಂಟು, ಕುಚ್ಚಲಕ್ಕಿ ಉಂಡವರಿಗೆ ಎರಡು ದಿನ ಮುಖ ಸಿಂಡರಿಸುವ ಹಾಗಾಗುತ್ತದೆ, ಆಮೇಲೆ ಸರಿಯಾಗುತ್ತದೆ. ಮೊಸರನ್ನಕ್ಕೆ ಮಾತ್ರ ಆ ಅಕ್ಕಿ ಬಹಳ ಲಾಯ್ಕ.

ಇಲ್ಲಿಂದ ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ತಗೊಂಡು ಹೋಗಿ. ಹಸಿ ಕರಿಬೇವು, ಹಸಿಮೆಣಸು, ಹಣ್ಣು ತಗೊಂಡು ಹೋಗಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಇಲ್ಲಿಯ ಕೆಟಲ್, ಇಂಡಕ್ಷನ್ ಒಲೆ ಹೊತ್ತುಕೊಂಡು ಹೋಗುವುದೂ ದಂಡ. ಅವರ ಕರೆಂಟು 100 ವೋಲ್ಟ್, ನಮ್ಮದು 230. ನೀರು ಉಗುರು ಬೆಚ್ಚಗಾದರೆ ಪುಣ್ಯ. ಪ್ಲಗ್ ಎರಡು ಚಪ್ಪಟೆ ಕಡ್ಡಿಯದ್ದು, ಫೋನ್ ಚಾರ್ಜರಿಗೆ ಅಡಾಪ್ಟರ್ ಸಾಕು.

ಅತ್ತೆ ಸೀರೆ ಬಿಡುವುದಿಲ್ಲ ಅಂತಾದರೆ ಒಳಲಂಗದ ಬದಲು ಉಣ್ಣೆಯ ಲೆಗ್ಗಿಂಗ್ಸ್ ಹಾಕಿಸಿ, ಮೇಲೆ ಥರ್ಮಲ್, ಅದರ ಮೇಲೆ ಮೊಣಕಾಲಿನ ತನಕ ಬರುವ ಜಾಕೆಟ್. ಸೀರೆ ಪಾದದಿಂದ ನಾಲ್ಕು ಬೆರಳು ಮೇಲೆ ಉಡಬೇಕು, ಇಲ್ಲದಿದ್ದರೆ ಅಂಚು ಒದ್ದೆಯಾಗಿ ಸೆಟೆದು ನಿಲ್ಲುತ್ತದೆ. ಮಕ್ಕಳಿಗೆ ಸ್ಕೀ ಬಟ್ಟೆ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ. ಗ್ಲೌಸ್, ಗಾಗಲ್ಸ್ ಇಲ್ಲಿಂದಲೇ ಕೊಂಡುಕೊಳ್ಳಿ. ಜೀನ್ಸ್ ಬೇಡವೇ ಬೇಡ.

ಬಿಸಿನೀರಿನ ಸ್ನಾನ, ಒನ್ಸೆನ್, ಅತ್ತೆಯ ಗಂಟಿಗೆ ಒಳ್ಳೆಯದು. ಆದರೆ ಎಲ್ಲರ ಎದುರು ಬಟ್ಟೆ ಇಲ್ಲದೆ ಇಳಿಯಬೇಕು. ಮನೆಯವರಿಗೆ ಮಾತ್ರ ಗಂಟೆ ಲೆಕ್ಕದಲ್ಲಿ ಕೊಡುವ ಸ್ನಾನದ ಕೋಣೆ ಕೆಲವು ಕಡೆ ಇರುತ್ತದೆ, ಬುಕ್ ಮಾಡುವಾಗಲೇ ಕೇಳಿ.

ಅಜ್ಜರಕಾಡಿನ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮನೆಯಲ್ಲಿ ಜೋರಾಗಿ ಓದಿ ಹೇಳಿದೆ. ಸುರಂಗದ್ದು ಕೇಳಿ ಅತ್ತೆ "ಅದೇ ಆಗಲಿ" ಅಂದರು. ಇವರು ಸಾಕೆ ಅಂಗಡಿ ಅಂದ ಕೂಡಲೇ ಸುಮ್ಮನಾದರು. ಕರುಯಿಜಾವ, ನಡುವೆ ಒಂದು ದಿನ ಯುಜಾವ, ಆಮೇಲೆ ಟೋಕಿಯೊ ಅಂತ ಹೆಚ್ಚುಕಡಿಮೆ ಆಯಿತು. ಮಲ್ಪೆಯವರ ಸಪ್ಪೊರೊ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ.

ವೀಸಾದ್ದು ಹೇಗೆ? ಮತ್ತೆ ಮಗಳಿಗೆ ಕನ್ನಡಕ ಉಂಟು, ಅದರ ಮೇಲೆ ಗಾಗಲ್ಸ್ ಹಾಕಬಹುದಾ?

ಕದ್ರಿ ಕಂಬಳ:

ವೀಸಾ ವಿಎಫ್‌ಎಸ್ (ಅರ್ಜಿ ತೆಗೆದುಕೊಳ್ಳುವ ಏಜೆನ್ಸಿ) ಮೂಲಕ. 2024ರ ಏಪ್ರಿಲ್‌ನಿಂದ ನಮ್ಮ ಪಾಸ್‌ಪೋರ್ಟಿನವರಿಗೂ ಪ್ರವಾಸಕ್ಕೆ ಈ-ವೀಸಾ ಕೊಡುತ್ತಾರೆ. ಅದನ್ನು ಅಲ್ಲಿ ಇಳಿದಾಗ ಫೋನಿನಲ್ಲಿ ಆನ್‌ಲೈನ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಾಗಾಗಿ ಇ-ಸಿಮ್ ಇಲ್ಲಿಂದಲೇ ಹಾಕಿಸಿಕೊಂಡು ಹೋಗಿ. ಇನ್ಶೂರೆನ್ಸ್ ತೆಗೆಯುವಾಗ ಸ್ಕೀಯಿಂಗ್ ಸೇರಿದೆಯಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಯಲ್ಲಿ ಅದನ್ನು ಬಿಟ್ಟಿರುತ್ತಾರೆ.

ಕನ್ನಡಕದ ಮೇಲೆ ಹಾಕುವ ಗಾಗಲ್ಸ್ ಬೇರೆ ಬರುತ್ತದೆ, ಓಟಿಜಿ ಅಂತ ಕೇಳಿ. ಎರಡು ಪದರದ ಗಾಜು ಇರುವುದನ್ನೇ ತೆಗೆಯಿರಿ, ಒಂದೇ ಪದರದ್ದು ಬೇಗ ಮಂಜು ಹಿಡಿಯುತ್ತದೆ. ಕೊಳ್ಳುವಾಗ ಮಗಳನ್ನೂ ಕರ್ಕೊಂಡು ಹೋಗಿ, ಕನ್ನಡಕದ ಕಾಲು ಎರಡೂ ಬದಿ ಒತ್ತದ ಹಾಗೆ ನೋಡಿ. ಬೂಟಿನ ಒಳಗೆ ಒಂದೇ ಜೊತೆ ತೆಳು ಕಾಲುಚೀಲ ಸಾಕು. ಚಳಿ ಅಂತ ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನ ಒಳಗೆ ಸಿಕ್ಕಿಸಬೇಡಿ, ಮೊಣಕಾಲಿನ ಕೆಳಗಿನ ಎಲುಬಿಗೆ ಒತ್ತಿ ಮಕ್ಕಳು ಅಳುವುದು ಹೆಚ್ಚಾಗಿ ಅದಕ್ಕೇ. ಕಲಿಸುವವರು ಇಂಗ್ಲಿಷ್ ಮಾತಾಡುವವರೇ ಬೇಕಾದರೆ ಅಕ್ಟೋಬರ್‌ನಲ್ಲೇ ಬುಕ್ ಮಾಡಿ, ಹೊಸ ವರ್ಷದ ಹತ್ತಿರ ಯಾರೂ ಸಿಗುವುದಿಲ್ಲ.