ತೂಕ ಇಳಿಸುವ ಪಥ್ಯ: ಮೊದಲ ತಿಂಗಳಲ್ಲಿ ಯಾವುದನ್ನು ಗಮನಿಸಬೇಕು?

ಪ್ರಶ್ನೆ (ಸದಸ್ಯೆ, ಸಿಂಧನೂರು):
ಮೇಡಂ, ನಮಸ್ಕಾರ. ನನಗೆ 42 ವರ್ಷ, ಶಾಲಾ ಶಿಕ್ಷಕಿ. ತೂಕ 76 ಕೆ.ಜಿ. ಇತ್ತು. ಯುಗಾದಿ ಕಳೆದ ಮೇಲೆ ರಾತ್ರಿಯ ಅನ್ನವನ್ನು ಬಿಟ್ಟು ಎರಡು ಜೋಳದ ರೊಟ್ಟಿ, ಪಲ್ಯ ಮತ್ತು ಮಜ್ಜಿಗೆಗೆ ಇಳಿದಿದ್ದೇನೆ; ಚಹಾದ ಸಕ್ಕರೆಯನ್ನೂ ಸಂಜೆಯ ಮಿರ್ಚಿ-ಒಗ್ಗರಣೆಯನ್ನೂ ನಿಲ್ಲಿಸಿದ್ದೇನೆ. ಮೊದಲ ವಾರದಲ್ಲಿಯೇ ಎರಡು ಕೆ.ಜಿ. ಇಳಿಯಿತು. ಆಮೇಲಿನ ಎರಡು ವಾರ ಮುಳ್ಳು ಅಲ್ಲಿಯೇ ನಿಂತಿದೆ, ಮೊನ್ನೆ ಮದುವೆಯ ಊಟ ಮಾಡಿ ಬಂದ ಮರುದಿನವಂತೂ ಒಂದು ಕೆ.ಜಿ. ಏರಿತ್ತು. "ಹೊಟ್ಟೆ ಕಟ್ಟಿ ಏನು ಬಂತು?" ಎಂದು ಮನೆಯವರು ನಗುತ್ತಾರೆ. ಈ ಪಥ್ಯ ನನಗೆ ನಾಟುತ್ತಿದೆಯೋ ಇಲ್ಲವೋ ಎಂದು ಈಗಲೇ ತಿಳಿಯುವ ದಾರಿ ಇದೆಯೇ?

ಉತ್ತರ (ಆಹಾರತಜ್ಞೆ, ಬಳ್ಳಾರಿ):
ನಮಸ್ಕಾರ. ಮೊದಲ ವಾರದ ಎರಡು ಕೆ.ಜಿ.ಯಲ್ಲಿ ಬಹುಪಾಲು ನೀರು. ನಾವು ತಿಂದ ಅನ್ನ, ಸಕ್ಕರೆಗಳ ಒಂದು ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ದಾಸ್ತಾನಾಗಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದೊಡನೆ ದೇಹವು ಮೊದಲು ಈ ದಾಸ್ತಾನಿಗೆ ಕೈ ಹಾಕುವುದರಿಂದ ಆ ನೀರೂ ಜೊತೆಗೆ ಹೊರಟುಹೋಗುತ್ತದೆ. ಆದ್ದರಿಂದ ಆ ವಾರದ ಇಳಿಕೆಗೆ ನೀವು ಹಿಗ್ಗುವುದೂ ಬೇಕಿರಲಿಲ್ಲ, ನಂತರದ ವಾರಗಳಿಗೆ ಕುಗ್ಗುವುದೂ ಬೇಕಿಲ್ಲ.

ಮದುವೆಯ ಮರುದಿನದ ಲೆಕ್ಕವನ್ನು ನೋಡಿ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ, ಅಂದರೆ ನಿಮ್ಮ ನಾಲ್ಕು ದಿನಗಳ ಊಟದಷ್ಟು. ಎಷ್ಟೇ ಹೋಳಿಗೆ ಬಡಿಸಿದ್ದರೂ ಅಷ್ಟನ್ನು ಒಂದೇ ಪಂಕ್ತಿಯಲ್ಲಿ, ಅದೂ ದಿನದ ಅಗತ್ಯದ ಮೇಲೆ, ಯಾರೂ ಉಣ್ಣಲಾರರು. ಏರಿದ್ದು ಉಪ್ಪಿನಕಾಯಿ, ಹಪ್ಪಳ, ಸಾರುಗಳ ಉಪ್ಪು ಹಿಡಿದಿಟ್ಟ ನೀರು, ಮತ್ತು ಹೊಟ್ಟೆಯಲ್ಲಿ ಇನ್ನೂ ಉಳಿದಿದ್ದ ಊಟ. ಮುಟ್ಟಿನ ಮುಂಚಿನ ದಿನಗಳಲ್ಲಿಯೂ ಮಲಬದ್ಧತೆ ಇದ್ದಾಗಲೂ ಹೀಗೆಯೇ ಆಗುತ್ತದೆ.

ಈಗ ಮುಖ್ಯ ಮಾತು. ನೀವು ದಿನಕ್ಕೆ 400ರಿಂದ 500 ಕ್ಯಾಲೊರಿ ಕಡಿಮೆ ಉಣ್ಣುತ್ತಿದ್ದರೆ ವಾರಕ್ಕೆ ಕರಗುವ ಕೊಬ್ಬು ಅರ್ಧ ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ದೇಹದ ನೀರಿನ ಏರಿಳಿತವೇ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕೆ.ಜಿ.ಯಷ್ಟಿರುವಾಗ, ಎರಡು ವಾರಗಳ ನಿಜವಾದ ಇಳಿಕೆಯು ಆ ಏರಿಳಿತದ ಹಿಂದೆ ಪೂರ್ತಿ ಅಡಗಿಬಿಡಬಹುದು. ಮುಳ್ಳು ನಿಂತಿದೆ ಎಂದ ಮಾತ್ರಕ್ಕೆ ಕೊಬ್ಬು ಕರಗುವುದು ನಿಂತಿದೆ ಎಂದಲ್ಲ. ಬೆಳಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು, ಒಂದೇ ಬಗೆಯ ಹಗುರ ಬಟ್ಟೆಯಲ್ಲಿ ತೂಕ ನೋಡಿ ಬರೆದಿಟ್ಟು, ಏಳು ದಿನಗಳ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿರಿ. ನಮ್ಮ ಕಡೆಯ ಬಿಸಿಲಿನಲ್ಲಿ ಮಧ್ಯಾಹ್ನ ಬೆವರಿ ಬಂದು ಮಷಿನ್ ಹತ್ತಿ ಸಂತೋಷಪಡುವವರನ್ನು ನಾನು ಬಹಳ ನೋಡಿದ್ದೇನೆ. ಒಂದು ಚೊಂಬು ನೀರು ಕುಡಿದರೆ ಆ ಸಂತೋಷ ಮುಗಿಯಿತು.

ಮರುಪ್ರಶ್ನೆ (ಅದೇ ಸದಸ್ಯೆ):
ಹಾಗಾದರೆ ತೂಕವನ್ನು ಬಿಟ್ಟು ಬೇರೆ ಯಾವುದನ್ನು ನಂಬಬೇಕು, ಮೇಡಂ? ರಕ್ತಪರೀಕ್ಷೆ ಮಾಡಿಸಲೇ?

ಉತ್ತರ:
ಮೊದಲು ದರ್ಜಿಯ ಟೇಪು. ಬರಿಮೈಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳತೆ ಓದಿರಿ; ಹೊಟ್ಟೆಯನ್ನು ಒಳಗೆಳೆದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ. ಎರಡು ವಾರಕ್ಕೊಮ್ಮೆ ಸಾಕು. ಭಾರತೀಯ ಮಹಿಳೆಯರಿಗೆ 80 ಸೆಂ.ಮೀ., ಪುರುಷರಿಗೆ 90 ಸೆಂ.ಮೀ. ಮೀರಿದ ಸೊಂಟ ಅಪಾಯದ ಗಡಿ. ಸಾಮಾನ್ಯವಾಗಿ ಹೊಟ್ಟೆಯೊಳಗಿನ ಕೊಬ್ಬು ಬೇಗ ಕರಗುವುದರಿಂದ, ತೂಕ ಕದಲದಿರುವಾಗಲೂ ಟೇಪಿನಲ್ಲಿ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಕಾಣಬಹುದು. ಸೀರೆ ಉಡುವವರಿಗೆ ಲಂಗದ ಲಾಡಿಯಿಂದ ಏನೂ ತಿಳಿಯದು, ಅದನ್ನು ಎಷ್ಟಕ್ಕೆ ಬೇಕಾದರೂ ಬಿಗಿಯಬಹುದು. ಬಿಗಿಯಾಗಿದ್ದ ಕುಪ್ಪಸದ ಹುಕ್ಕು ಈಗ ಎಳೆಯದೆ ಬೀಳುತ್ತಿದೆಯೇ ಎಂಬುದು ಒಳ್ಳೆಯ ಸಾಕ್ಷಿ.

ಶಾಲೆಯ ಮೆಟ್ಟಿಲು ಹತ್ತುವಾಗಿನ ಏದುಸಿರು, ಮೊಣಕಾಲ ನೋವು, ಸಂಜೆ ಐದರ ಹಸಿವು, ಇವುಗಳನ್ನೂ ಗಮನಿಸಿ.

ರಕ್ತಪರೀಕ್ಷೆಯ ವಿಷಯದಲ್ಲಿ ಅವಸರ ಬೇಡ. ಸಕ್ಕರೆ ಅಥವಾ ಬಿ.ಪಿ. ಮೊದಲೇ ಹೆಚ್ಚಿದ್ದವರಿಗೆ ಖಾಲಿ ಹೊಟ್ಟೆಯ ಸಕ್ಕರೆಯೂ ಬಿ.ಪಿ.ಯೂ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತವೆ. ಎಚ್‌ಬಿಎ1ಸಿ ಮಾತ್ರ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆಯಾದ್ದರಿಂದ ಮೂರನೆಯ ವಾರದಲ್ಲಿ ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಮೂಲ ತೂಕದ ಶೇ. 5ರಷ್ಟು, ಅಂದರೆ ನಿಮ್ಮ ಲೆಕ್ಕದಲ್ಲಿ ನಾಲ್ಕು ಕೆ.ಜಿ.ಯ ಹತ್ತಿರ, ಇಳಿದರೂ ಆರೋಗ್ಯಕ್ಕೆ ಗಣನೀಯ ಲಾಭವಿದೆ.

ಆರು ವಾರ ಕಳೆದರೂ ಸರಾಸರಿ ತೂಕವೂ ಸೊಂಟವೂ ಕದಲದಿದ್ದರೆ ಆಗ ತಾಟನ್ನು ಅನುಮಾನಿಸಬೇಕು. ನಮ್ಮ ಭಾಗದಲ್ಲಿ ರೊಟ್ಟಿ ಎಣಿಸುವವರು ಅದರ ಮಗ್ಗುಲಿನ ಶೇಂಗಾ ಚಟ್ನಿಪುಡಿಯನ್ನೂ ಅದಕ್ಕೆ ಕಲಸುವ ಎಣ್ಣೆಯನ್ನೂ ಎಣಿಸುವುದಿಲ್ಲ. ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಕೊಪ್ಪಳ):
ಮೇಡಂ, ನಮ್ಮಣ್ಣನವರು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಇರುವ ಗುಳಿಗೆ ನುಂಗುತ್ತಾರೆ. ಈ ತಿಂಗಳು ರಾತ್ರಿಯೂಟವನ್ನೇ ಬಿಟ್ಟು ಚೆನ್ನಾಗಿ ಇಳಿದಿದ್ದಾರೆ, ಆದರೆ ಬೆಳಗಿನ ಜಾವ ಕೈ ನಡುಗಿ ಬೆವರುತ್ತದೆ. ಕೊಬ್ಬು ಕರಗುವಾಗ ಹೀಗಾಗುವುದು ಸಹಜ ಎಂದು ಅವರ ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ:
ಇಲ್ಲ ಸರ್, ಇದು ಪ್ರಗತಿಯ ಲಕ್ಷಣವಲ್ಲ. ಊಟ ಕಡಿಮೆಯಾದರೂ ಗುಳಿಗೆಯ ಪ್ರಮಾಣ ಹಳೆಯದೇ ಉಳಿದಿರುವುದರಿಂದ ರಕ್ತದ ಸಕ್ಕರೆ ಮಿತಿಮೀರಿ ಇಳಿಯುತ್ತಿರುವ ಸಾಧ್ಯತೆ ಹೆಚ್ಚು. ನಡುಕ ಬಂದಾಗ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮನೆಯಲ್ಲಿ ಮೀಟರ್ ಇಲ್ಲದಿದ್ದರೂ, ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ನೋಡಿ, ಆಮೇಲೆ ಏನಾದರೂ ಉಣ್ಣಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಗುಳಿಗೆ ಬರೆದುಕೊಟ್ಟ ವೈದ್ಯರನ್ನು ನಾಳೆಯೇ ಕಂಡು ಪ್ರಮಾಣ ಬದಲಿಸಿಕೊಳ್ಳಲಿ. ಅಲ್ಲಿಯವರೆಗೆ ರಾತ್ರಿಯೂಟ ಬಿಡುವುದು ಬೇಡ.