ಪುಣೆಲಿ ಬಿಎಡ್: ನ್ಯಾಕ್ ಗ್ರೇಡ್ ನಂಬ್ಬೋದಾ?

ಡೊಂಬಿವ್ಲಿ ಹುಡ್ಗಿ: ಪುಣೆಲಿ ಬಿಎಡ್ ಸೇರೋಣ ಅಂತಿದೀನಿ, ಒಂದು ಕಾಲೇಜಿನವ್ರು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ಎ ಗ್ರೇಡ್ ಅಂತ ದೊಡ್ಡ ಬ್ಯಾನರ್ ಹಾಕಿದಾರೆ, ಪಾಸಾದವ್ರು ಈಗ ಎಲ್ಲಿದಾರೆ ಅಂದ್ರೆ ಮಾತ್ರ ಗಪ್‌ಚುಪ್. ಏನ್ ನೋಡಿ ಸೇರ್ಬೇಕು?

ಕೋಥ್ರೂಡ್ ಮೇಷ್ಟ್ರು: ಮೊದ್ಲು ಎನ್‌ಸಿಟಿಇ (ಟೀಚರ್ ಕೋರ್ಸ್‌ಗಳಿಗೆ ಒಪ್ಪಿಗೆ ಕೊಡೋ ಕೇಂದ್ರ ಸಂಸ್ಥೆ) ಮಾನ್ಯತೆ ನೋಡಮ್ಮ, ಅದಿಲ್ದಿದ್ರೆ ಆ ಡಿಗ್ರಿ ಸರ್ಕಾರಿ ನೌಕರಿಗೆ ನಡೆಯಲ್ಲ. ನ್ಯಾಕ್ ಬೇರೆ, ಅದು ಕಾಲೇಜಿಗೆ ಸಿಗೋ ಗ್ರೇಡು, ನಿಂಗೆ ಕೆಲ್ಸ ಕೊಡ್ಸಲ್ಲ. ಹಳೇ ಬ್ಯಾಚಿನವ್ರನ್ನ ಹಿಡಿದು ಕೇಳು, ಇಂಟರ್ನ್‌ಶಿಪ್‌ನಲ್ಲಿ ನಿಜವಾಗ್ಲೂ ಕ್ಲಾಸ್ ತಗೊಳ್ಳೋಕೆ ಬಿಡ್ತಾರಾ ಇಲ್ಲಾ ಲೆಸನ್ ಪ್ಲಾನ್ ಫೈಲ್ ಬರೆಸಿ ಸಹಿ ಹಾಕಿ ಕಳಿಸ್ತಾರಾ ಅಂತ.

ಥಾಣೆ ಟೀಚರ್: 1ರಿಂದ 5ನೇ ಕ್ಲಾಸಿಗಾದ್ರೆ ಬಿಎಡ್ ಬೇಡ್ವೇ ಬೇಡ, 2023ರಲ್ಲೇ ಸುಪ್ರೀಂ ಕೋರ್ಟ್ ನಡೆಯಲ್ಲ ಅಂದಿದೆ, ಡಿಎಲ್‌ಎಡ್ (ಪ್ರೈಮರಿ ಟೀಚರ್ ಡಿಪ್ಲೊಮಾ) ಮಾಡು.

ಡೊಂಬಿವ್ಲಿ ಹುಡ್ಗಿ: ಹೈಸ್ಕೂಲೇ ಬೇಕು ಅಕ್ಕಾ.

ಕೋಥ್ರೂಡ್ ಮೇಷ್ಟ್ರು: ಹಂಗಾದ್ರೆ ಟಿಎಐಟಿ ಅನ್ನೋ ಮಹಾರಾಷ್ಟ್ರದ ಟೀಚರ್ ನೇಮಕಾತಿ ಪರೀಕ್ಷೆಗೂ ಈಗ್ಲೇ ಓದ್ಕೋ, ಇಲ್ಲಿ ಸರ್ಕಾರದ ಪವಿತ್ರ ಪೋರ್ಟಲ್ ಮೂಲಕ ನಡೆಯೋ ಟೀಚರ್ ಭರ್ತಿಗೆ ಅದ್ರ ಮಾರ್ಕ್ಸೇ ಬೇಕು.