ಲಿಂಕರ್ ನಾಲ್ಕು ಪಟ್ಟು ಉದ್ದ ಮಾಡಿದ್ರೂ ಬೈಂಡಿಂಗ್ ಯಾಕೆ ಬದಲಾಗ್ಲಿಲ್ಲ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನಾಲ್ಕು ಗ್ಲೈಸಿನ್, ಒಂದು ಸೆರೀನ್. ಈ ತುಣುಕನ್ನ ಮೂರು ಸಲ ಪೋಣಿಸಿ, ಒಂದಕ್ಕೊಂದು ಅಂಟಿಕೊಳ್ಳೋ ಎರಡು ಡೊಮೈನ್‌ಗಳ (ಪ್ರೋಟೀನಿನ ಮಡಿಸಿಕೊಂಡ ಭಾಗಗಳು) ಮಧ್ಯೆ 15 ಅಮೈನೋ ಆಮ್ಲದ ಲಿಂಕರ್, ಅಂದ್ರೆ ಜೋಡಿಸೋ ಸಡಿಲ ಸರಪಳಿ, ಹಾಕಿದ್ದೆ. ಆಮೇಲೆ ಅದನ್ನ 60ಕ್ಕೆ ಏರಿಸಿದೆ. ಹಗ್ಗ ಉದ್ದವಾದಷ್ಟೂ ಎರಡೂ ಒಂದನ್ನೊಂದು ಹುಡುಕಿಕೊಳ್ಳೋದು ಕಷ್ಟ ಅಂದ್ಕೊಂಡಿದ್ದೆ. ಲ್ಯಾಬಲ್ಲಿ ನೋಡಿದ್ರೆ ಬೈಂಡಿಂಗ್ ಹೆಚ್ಚುಕಮ್ಮಿ ಮೊದಲಿನಷ್ಟೇ. ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಮಾತ್ರ 60ರ ಲಿಂಕರ್ ಮೊದಲ 40 ನ್ಯಾನೋಸೆಕೆಂಡಿನಲ್ಲೇ ಉಂಡೆಯಾಗಿ ಡೊಮೈನ್ ಮೈಗೆ ಅಂಟಿತು, 200 ಮುಗಿದರೂ ಬಿಡಲಿಲ್ಲ. ಯಾವುದನ್ನ ನಂಬಲಿ? ಮುಂದಿನ ವಾರ ಗೈಡ್ ಮುಂದೆ ಕೂರಬೇಕು.

ಉತ್ತರ 1
ಸಿಮ್ಯುಲೇಶನ್‌ನಲ್ಲಿ ನೀರಿನ ಅಣುಗಳಿಗೆ ಯಾವ ಮಾಡೆಲ್ ಹಾಕಿದ್ರಿ? ಟಿಪ್3ಪಿ ಆಗಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಮಡಿಸಿಕೊಂಡ ಪ್ರೋಟೀನಿಗಾಗಿ ಹೊಂದಿಸಿದ ಹಳೇ ಫೋರ್ಸ್ ಫೀಲ್ಡ್ (ಪರಮಾಣುಗಳ ನಡುವಿನ ಬಲ ಲೆಕ್ಕ ಹಾಕೋ ಸೂತ್ರಗಳು) ಜೊತೆ ಅದು ಸಡಿಲ ಸರಪಳಿಯನ್ನ ಅತಿಯಾಗಿ ಮುದುರಿಸುತ್ತೆ. 2018ರಲ್ಲಿ ಬಂದ ಎ99ಎಸ್‌ಬಿ-ಡಿಸ್ಪ್ ಅನ್ನೋ ಫೋರ್ಸ್ ಫೀಲ್ಡ್ ಮಡಿಕೆ ಇರೋದು, ಇಲ್ಲದ್ದು ಎರಡಕ್ಕೂ ಸರಿಹೋಗಲಿ ಅಂತಲೇ ಮಾಡಿದ್ದು. ಒಂದೇ ರನ್ ಸಾಲದು, ಬೇರೆ ಬೇರೆ ಆರಂಭದಿಂದ ನಾಲ್ಕೈದಾದರೂ ಓಡಿಸಿ.

ಉತ್ತರ 2
ಮೇಡಂ, ನಿಮ್ಮ ಲ್ಯಾಬ್ ಫಲಿತಾಂಶ ಸರಿಯಾಗೇ ಇದೆ. ಕಾಗದದ ಮೇಲೇ ಲೆಕ್ಕ ಹಾಕಬಹುದು. ಕೂಡಿಕೊಂಡ ರಚನೆಯಲ್ಲಿ ಲಿಂಕರ್‌ನ ಎರಡು ತುದಿಗಳ ಅಂತರ 30 ಆಂಗ್‌ಸ್ಟ್ರಾಂ ಅಂತಿಟ್ಟುಕೊಳ್ಳಿ. ಒಂದು ಅಮೈನೋ ಆಮ್ಲಕ್ಕೆ 3.8, ಪರ್ಸಿಸ್ಟೆನ್ಸ್ ಲೆಂತ್ (ಸರಪಳಿ ಬಾಗದೆ ನೇರವಾಗಿ ಸಾಗೋ ಉದ್ದ) 4.5 ಆಂಗ್‌ಸ್ಟ್ರಾಂ ಹಿಡಿದರೆ, ತುದಿಯಿಂದ ತುದಿಗೆ ಸರಾಸರಿ ದೂರ 15ರದ್ದು ಸುಮಾರು 22, 60ರದ್ದು 45. ಗೌಸಿಯನ್ ಸೂತ್ರಕ್ಕೆ ಹಾಕಿದರೆ ಪರಿಣಾಮಕಾರಿ ಸಾಂದ್ರತೆ (ಒಂದು ಡೊಮೈನ್ ಸುತ್ತ ಇನ್ನೊಂದು ಎಷ್ಟು ದಟ್ಟವಾಗಿ ಸಿಗುತ್ತೆ ಅನ್ನೋದು) ಎರಡಕ್ಕೂ ಸುಮಾರು 3 ಮಿಲಿಮೋಲಾರ್! ಮೊದಲನೆಯದು ಎಳೆದು ಮುಟ್ಟಬೇಕು, ಎರಡನೆಯದು ಅಲೆದಾಡಿ ಮುಟ್ಟಬೇಕು. ಎರಡರ ನಷ್ಟವೂ ಒಂದೇ. ಸರಾಸರಿ ದೂರ ಸರಿಯಾಗಿ 30 ಆಗೋದು ಸುಮಾರು 28 ಅಮೈನೋ ಆಮ್ಲಕ್ಕೆ. ಶಿಖರ ಅಲ್ಲಿದೆ, ಅದೂ 4.5 ಮಿಲಿಮೋಲಾರ್ ಅಷ್ಟೇ. ನಿಮ್ಮ ಡೊಮೈನ್‌ಗಳ ಕೆಡಿ (ಅರ್ಧದಷ್ಟು ಕೂಡಿಕೊಳ್ಳೋ ಸಾಂದ್ರತೆ; ಕಡಿಮೆಯಾದಷ್ಟೂ ಬೈಂಡಿಂಗ್ ಬಿಗಿ) ಮೈಕ್ರೋಮೋಲಾರ್ ಮಟ್ಟದ್ದಾದರೆ ಮೂರರಲ್ಲೂ ಬಹುತೇಕ ಎಲ್ಲ ಅಣುಗಳೂ ಕೂಡಿಕೊಂಡೇ ಇರುತ್ತವೆ, ವ್ಯತ್ಯಾಸ ಕಣ್ಣಿಗೆ ಬೀಳಲ್ಲ.

ಪ್ರಶ್ನೆ ಕೇಳಿದವಳು
ಟಿಪ್3ಪಿನೇ ಸರ್! ರಾತ್ರಿ ಕೂತು ಅಂತರ ಅಳೆದೆ, 31 ಬಂತು. ನನ್ನ ಕೆಡಿ 8 ಮೈಕ್ರೋಮೋಲಾರ್. ಎರಡು ತಿಂಗಳು ಲಿಂಕರ್ ಉದ್ದದ ಹಿಂದೆ ಬಿದ್ದಿದ್ದೆ. ಇನ್ನು ಬೈಂಡಿಂಗ್ ಜಾಗದಲ್ಲಿ ಮ್ಯುಟೇಶನ್ ಮಾಡಿ ಕೆಡಿಯನ್ನ ಮಿಲಿಮೋಲಾರ್‌ಗೆ ಏರಿಸಿದ್ರೆ ಉದ್ದದ ವ್ಯತ್ಯಾಸ ಕಾಣುತ್ತಾ?

ಉತ್ತರ 2
28ಕ್ಕೂ 60ಕ್ಕೂ ನಡುವೆ ಸ್ವಲ್ಪ ಕಾಣಬೇಕು. ಆದರೆ 31 ಅನ್ನೋದು ನೇರ ಗೆರೆ. ಮಧ್ಯೆ ಡೊಮೈನ್ ಅಡ್ಡ ಇದ್ದರೆ ಲಿಂಕರ್ ಅದನ್ನ ಸುತ್ತಿ ಹೋಗಬೇಕು, ಆಗ 15 ಸಾಲದೇ ಹೋಗಬಹುದು. ಲ್ಯಾಬಿಗೆ ಹೋಗೋ ಮುಂಚೆ ರಚನೆಯನ್ನ ತಿರುಗಿಸಿ ನೋಡಿ.